ಪೈಲಟ್ ತರಬೇತಿಗೆ ವೀಸಾ ಒಂದೇ ಸಾಲದು

ಅಮೆರಿಕದಲ್ಲಿ ಪೈಲಟ್ ತರಬೇತಿಗೆ ಸ್ಟೂಡೆಂಟ್ ವೀಸಾ ಇದ್ದರೆ ಸಾಕು ಎಂದು ಒಂದು ಲೇಖನದಲ್ಲಿ ಓದಿದೆ. ಸಾಲದು. ವೀಸಾ ಕೈಗೆ ಬಂದರೂ ಟಿಎಸ್‌ಎ (ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ) ಕೊಡುವ ಭದ್ರತಾ ಅನುಮತಿ ಇಲ್ಲದೆ ಹಾರಾಟದ ಪಾಠ ಶುರು ಮಾಡುವಂತಿಲ್ಲ. ಅದಕ್ಕೆ ಬೇರೆಯೇ ಆನ್‌ಲೈನ್ ಅರ್ಜಿ, ಬೆರಳಚ್ಚು, 140 ಡಾಲರ್ ಶುಲ್ಕ. 2024ರ ಹೊಸ ನಿಯಮದ ಪ್ರಕಾರ ಈ ಅನುಮತಿ ಒಮ್ಮೆ ಸಿಕ್ಕರೆ 5 ವರ್ಷದವರೆಗೆ ನಡೆಯುತ್ತದೆ. ಟೂರಿಸ್ಟ್ ವೀಸಾದಲ್ಲಿ ಹೋಗಿ ಕಲಿಯಬಹುದು ಎನ್ನುವ ಏಜೆಂಟರ ಮಾತನ್ನಂತೂ ನಂಬಬೇಡಿ.

ಹೆಚ್ಚಿನ ಫ್ಲೈಯಿಂಗ್ ಸ್ಕೂಲ್‌ಗಳು ಕೊಡುವುದು ಎಂ-1 ವೀಸಾದ (ವೃತ್ತಿ ತರಬೇತಿಯ ಸ್ಟೂಡೆಂಟ್ ವೀಸಾ) ಐ-20, ಅಂದರೆ ಪ್ರವೇಶ ಸಿಕ್ಕಿದ್ದಕ್ಕೆ ಸ್ಕೂಲ್ ಕೊಡುವ ಪತ್ರ. ಅದರಲ್ಲಿರುವ ಹೆಸರು ಪಾಸ್‌ಪೋರ್ಟಿಗೆ ಅಕ್ಷರಕ್ಕಕ್ಷರ ಹೊಂದುತ್ತದೆಯೇ ನೋಡಿ. ಇನಿಷಿಯಲ್ ಬಿಡಿಸಿ ಬರೆಯುವಲ್ಲೇ ನಮ್ಮವರಿಗೆ ಎಡವಟ್ಟು. ಆಮೇಲೆ 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆ) ಶುಲ್ಕ, ವೀಸಾ ಅರ್ಜಿಯ ಡಿಎಸ್-160 ಫಾರ್ಮ್, 185 ಡಾಲರ್ ವೀಸಾ ಶುಲ್ಕ, ಸಂದರ್ಶನ. ಕೋರ್ಸ್ ಆರಂಭಕ್ಕೆ 30 ದಿನಕ್ಕಿಂತ ಮೊದಲೇ ದೇಶದೊಳಗೆ ಬಿಡುವುದಿಲ್ಲ.

ನಿಜವಾದ ಪೇಚು ಮುಂದಿದೆ. ಎಂ-1ರಲ್ಲಿ ಒಮ್ಮೆಗೆ ಸಿಗುವುದು ಹೆಚ್ಚೆಂದರೆ ಒಂದು ವರ್ಷ, ಮಳೆಗಾಲದಲ್ಲೋ ಇನ್‌ಸ್ಟ್ರಕ್ಟರ್ ಸಿಗದೆಯೋ ತಡವಾದರೆ ಅವಧಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಬೇಕು. ಓದು ಮುಗಿಸಿ ಸ್ವಲ್ಪ ಕಾಲ ಕೆಲಸಕ್ಕೂ ಅವಕಾಶವಿರುವ ಕಾಲೇಜು ವೀಸಾ ಎಫ್-1ಗೆ ಅಲ್ಲೇ ಕೂತು ಬದಲಾಗಲೂ ಆಗದು. ಇನ್‌ಸ್ಟ್ರಕ್ಟರ್ ಆಗಿ ದುಡಿದು ಹಾರಾಟದ ಗಂಟೆ ಕೂಡಿಸುವ ಯೋಚನೆಯಿದ್ದರೆ ಮೊದಲೇ ಎಫ್-1 ಕೊಡುವ ಕಾಲೇಜು ಹುಡುಕಿ.

ಭಾರತಕ್ಕೆ ಮರಳಿ ಕೆಲಸ ಮಾಡುವವರು ಡಿಜಿಸಿಎ (ಇಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೇಳುವ ಕ್ಲಾಸ್-1 ಮೆಡಿಕಲ್ ಮುಗಿಸಿಯೇ ಫೀಸು ಕಟ್ಟಿ. ಅಮೆರಿಕದ ಲೈಸೆನ್ಸನ್ನು ಭಾರತದ್ದಕ್ಕೆ ಪರಿವರ್ತಿಸಲು 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ಪಿಐಸಿ (ವಿಮಾನದ ಹೊಣೆ ಹೊತ್ತ ಮುಖ್ಯ ಪೈಲಟ್) ಆಗಿ ಹಾರಿರಬೇಕು.