ಆಪ್ತರಲ್ಲದ ಆಪ್ತಸಮಾಲೋಚಕಿ

ಅಪ್ಪನನ್ನು ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗೋಣ ಅಂದಾಗ ಮನೆಯಲ್ಲಿ ದೊಡ್ಡ ರಾದ್ಧಾಂತ. "ನನಗೇನು ಹುಚ್ಚು ಹಿಡಿದಿದೆಯೇನೋ?" ಅಂತ ಗುಡುಗಿದರು. ಅವರಿಗೆ 71. ಅಮ್ಮ ಹೋಗಿ ಏಳು ತಿಂಗಳಾಗಿತ್ತು. ರಾತ್ರಿಯೆಲ್ಲಾ ಹಾಲ್‌ನಲ್ಲಿ ಓಡಾಡುತ್ತಿದ್ದರು. ಕೊನೆಗೆ "ಸುಮ್ನೆ ನಿದ್ದೆಗೆ ತೋರಿಸೋದಷ್ಟೇ" ಅಂತ ಹೇಳಿ ಹೊರಡಿಸಿದೆ. ಅರ್ಧ ಸುಳ್ಳು, ಬಿಡಿ.

ಅಲ್ಲಿನ ಬೆಂಚಿನಲ್ಲಿ ಒಬ್ಬ ಪಿಯುಸಿ ಹುಡುಗ, ಪಕ್ಕದಲ್ಲಿ ಕೂಸಿನ ಜೊತೆ ಬಾಣಂತಿ. ಮೂವರಿಗೂ ಒಬ್ಬರೇ ಮೇಡಂ. "ಈ ವಯಸ್ಸಿಗೆ ಇವರಿಗೇನು ಕಷ್ಟವೋ?" ಅಂತ ಅಪ್ಪ ಕಿವಿಯಲ್ಲಿ ಕೇಳಿದರು. ಆ ಹುಡುಗನೂ ಅಪ್ಪನನ್ನು ನೋಡಿ ಅದನ್ನೇ ಅಂದುಕೊಂಡಿರಬಹುದು.

ಆರನೇ ಸಲ ಹೋಗಿ ಬರುವಾಗ, ಸ್ಕೂಟರ್ ಹಿಂದೆ ಕೂತಿದ್ದ ಅಪ್ಪ ಇದ್ದಕ್ಕಿದ್ದಂತೆ ಹೇಳಿದರು: "ನಿಮ್ಮಮ್ಮ ಹೋದ ರಾತ್ರಿ, ಆಸ್ಪತ್ರೆ ಕುರ್ಚಿಯಲ್ಲಿ ನಾನು ನಿದ್ದೆ ಹೋಗಿಬಿಟ್ಟಿದ್ದೆ ಕಣೋ."

ಮೇಡಂ ಮೊದಲ ದಿನವೇ ಕೇಳಿದ್ದರಂತೆ: "ನಿದ್ದೆ ಬರಲ್ವಾ, ಇಲ್ಲಾ ಮಲಗೋಕೆ ಭಯವಾ?" ನಾವು ಮಾತ್ರ ಬಿಸಿ ಹಾಲು, ಪ್ರಾಣಾಯಾಮ ಅಂತ ಬುದ್ಧಿ ಹೇಳುತ್ತಲೇ ಇದ್ದೆವು.

ಇವರನ್ನು ಆಪ್ತಸಮಾಲೋಚಕರು ಅನ್ನುತ್ತೇವೆ. ಆದರೆ ಅವರು ನಮ್ಮ ಆಪ್ತರಲ್ಲ ಅನ್ನೋದೇ ದೊಡ್ಡ ಅನುಕೂಲ ಅಂತ ನನಗನಿಸುತ್ತದೆ. ಅವರ ಮುಂದೆ ಅತ್ತರೆ ನಾಳೆ ಮದುವೆಮನೆಯಲ್ಲಿ ಯಾರೂ ನಮ್ಮನ್ನು ನೋಡಿ ಪಿಸುಗುಡುವುದಿಲ್ಲ. "ನಮ್ಮ ಕಾಲದಲ್ಲಿ ಮನೇಲೇ ಹೇಳ್ಕೋತಿದ್ವಿ" ಅನ್ನುವವರನ್ನು ಕೇಳಬೇಕು, ನಿಜವಾಗಿ ಹೇಳ್ಕೋತಿದ್ರಾ? ಅತ್ತೆಯ ಕಾಟವನ್ನು ಸೊಸೆ ಯಾರಿಗೆ ಹೇಳಬೇಕಿತ್ತು, ಅತ್ತೆಗೇನಾ?

ಇವರು ಮಾತ್ರೆ ಬರೆಯುವುದಿಲ್ಲ. ಬೇಕು ಅನಿಸಿದರೆ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಫೀಸು ಮಾತ್ರ ಜಾಸ್ತಿ, ಒಪ್ಪುತ್ತೇನೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮಾನಸಿಕ ತೊಂದರೆ ಇದ್ದವರ ಪೈಕಿ ಶೇ. 70ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ದುಡ್ಡೊಂದೇ ಕಾರಣ ಅಲ್ಲ, ನಮ್ಮಪ್ಪನ ಆ ಮೊದಲ ಮಾತೂ ಕಾರಣ. ದುಡ್ಡಿನ ತೊಂದರೆ ಇದ್ದವರಿಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಇದನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಅಕ್ಕಪಕ್ಕದವರಿಗಾದರೂ ಬೇಕಾದೀತು.

ಮೊನ್ನೆ ಮಧ್ಯಾಹ್ನ ಅಪ್ಪ ಟಿವಿ ಮುಂದೆ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಒಳಗೆ ಮಲಗಿ ಅಂತ ಎಬ್ಬಿಸಲು ಹೊರಟ ಮಗಳನ್ನು ಕೈಸನ್ನೆ ಮಾಡಿ ತಡೆದೆ.