ಅಜ್ಜಿಯನ್ನು ತ್ಯಾಗಮಯಿ ಎನ್ನುವ ಮೊದಲು

ಕಳೆದ ವಾರ ನಮ್ಮ ಅಜ್ಜಿಯ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯಿತು. ಊಟಕ್ಕೆ ಮೊದಲು ಅಂಗಳದ ಚಪ್ಪರದಲ್ಲಿ ನುಡಿನಮನ ಇತ್ತು. ಮಾತನಾಡಿದ ಐದು ಮಂದಿಯೂ ಗಂಡಸರು, ಐವರೂ ಅಜ್ಜಿಯನ್ನು ತ್ಯಾಗಮಯಿ ಎಂದರು. ಒಬ್ಬರಂತೂ ‘ಪ್ರಪಂಚವರಿಯದ ಮುಗ್ಧ ಜೀವ’ ಎಂದೂ ಸೇರಿಸಿದರು. ಅವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಅಲ್ಲಿ ವರ್ಣಿತವಾದ ಹೆಂಗಸು ಯಾರೆಂದು ನನಗೆ ತಿಳಿಯಲಿಲ್ಲ, ನಮ್ಮ ಅಜ್ಜಿಯಂತೂ ಅಲ್ಲ. ತೊಂಬತ್ತೊಂದು ವರ್ಷ ಬದುಕಿ, ಅದರಲ್ಲಿ ಐವತ್ತು ವರ್ಷ ಒಂದು ತೋಟವನ್ನೂ ಒಂದು ಮನೆಯನ್ನೂ ಆಳಿದವರನ್ನು ಮುಗ್ಧೆ ಎಂದು ಕರೆದು ಕಳುಹಿಸಿಕೊಡುವುದು ಗೌರವವಲ್ಲ ಎಂದು ಅಂದಿನಿಂದ ಮನಸ್ಸಿನಲ್ಲಿ ಕೊರೆಯುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಬರೆಯಲು ಕುಳಿತಾಗಲೇ ಒಂದು ತೊಡಕು. ಇಲ್ಲಿ ನಾನು ‘ಅಜ್ಜಿ ಹೇಳಿದರು’ ಎಂದು ಬರೆಯುತ್ತೇನೆ. ಕುಂಬಳೆ ಸೀಮೆಯ ನಮ್ಮ ಹವ್ಯಕ ಮನೆಮಾತಿನಲ್ಲಿ ಅದು ‘ಅಜ್ಜಿ ಹೇಳಿತ್ತು’. ಹೊರಗಿನವರಿಗೆ ಅಗೌರವವೆನಿಸುವ ಆ ನಪುಂಸಕ ರೂಪದಲ್ಲಿಯೇ ನಮಗೆ ಸಲಿಗೆ, ಭಯ, ಪ್ರೀತಿ ಎಲ್ಲವೂ ಇವೆ. ಪುಸ್ತಕದ ಕನ್ನಡಕ್ಕೆ ತಂದ ಕೂಡಲೇ ಅಜ್ಜಿ ಒಂದು ಮಾರು ದೂರ ಹೋಗಿ ನಿಂತ ಹಾಗಾಗುತ್ತದೆ. ಇರಲಿ.

ಅವರ ತವರು ವಿಟ್ಲದ ಕಡೆ, ಗಂಡನ ಮನೆ ಈಗಿನ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ. ಮದುವೆಯಾದಾಗ ಎರಡೂ ಮದರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿದ್ದವು. 1956ರ ನವೆಂಬರ್ 1ರಂದು ತವರು ಮೈಸೂರು ರಾಜ್ಯಕ್ಕೆ ಸೇರಿತು, ಗಂಡನ ಮನೆ ಕೇರಳಕ್ಕೆ ಸೇರಿತು. ಅಟ್ಟದಲ್ಲಿದ್ದ ಉಪ್ಪಿನಕಾಯಿ ಭರಣಿ ಇದ್ದಲ್ಲೇ ಇತ್ತು, ರಾಜ್ಯ ಮಾತ್ರ ಬದಲಾಗಿತ್ತು ಎಂದು ಅಜ್ಜಿ ನಗುತ್ತಿದ್ದರು. ನಮ್ಮೂರೂ ಸೇರಿದಂತೆ ಚಂದ್ರಗಿರಿ ಹೊಳೆಯ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ವರದಿ ಕೊಟ್ಟ ಮೇಲೆ, ಅದು ಇಂದು ಜಾರಿಯಾದೀತು, ನಾಳೆ ಜಾರಿಯಾದೀತು ಎಂದು ಅಜ್ಜ ಸಾಯುವವರೆಗೂ ಕಾದರು. ಅಜ್ಜಿ ಕಾಯಲಿಲ್ಲ. ಕಚೇರಿಯಿಂದ ಮಲಯಾಳದ ಕಾಗದ ಬಂದರೆ ಶಾಲೆಯಲ್ಲಿ ಆ ಭಾಷೆ ಕಲಿಯುತ್ತಿದ್ದ ಮಗನನ್ನು ಹತ್ತಿರ ಕೂರಿಸಿ ಎರಡು ಸಲ ಓದಿಸುತ್ತಿದ್ದರು. ಸಹಿಯ ಮೇಲ್ಗಡೆ ತಮ್ಮ ದುಂಡು ಅಕ್ಷರದಲ್ಲಿ ‘ಓದಿಸಿ ಕೇಳಿದ್ದೇನೆ’ ಎಂದು ಕನ್ನಡದಲ್ಲಿ ಬರೆದು, ಆ ಬಳಿಕವೇ ಹೆಸರು ಹಾಕುವುದು. ಒಮ್ಮೆ ಒಂದು ಕಚೇರಿಯ ಗುಮಾಸ್ತರು ಇದೆಲ್ಲ ಬೇಡ, ಹೆಬ್ಬೆಟ್ಟು ಒತ್ತಿದರೆ ಸಾಕು ಎಂದಾಗ ಕಾಗದವನ್ನು ಮಡಚಿ ಚೀಲದೊಳಗಿಟ್ಟುಕೊಂಡು ಮನೆಗೆ ಬಂದಿದ್ದರಂತೆ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಆ ಎರಡು ಪದಗಳ ಮುಂದೆ ಅವೆಲ್ಲ ನನಗೆ ಸಪ್ಪೆ.

ಅಜ್ಜ ತೀರಿಕೊಂಡಾಗ ಐದು ಮಕ್ಕಳಲ್ಲಿ ದೊಡ್ಡವರಾದ ನನ್ನ ಅಪ್ಪನಿಗೆ ಹದಿನೈದು. ಎಪ್ಪತ್ತರ ದಶಕದ ಆರಂಭದ ಆ ವರ್ಷಗಳಲ್ಲಿ ಅಡಕೆಗೆ ಕೇಳುವವರಿರಲಿಲ್ಲ. ಆ ಕುಸಿತದ ಬೆನ್ನಿಗೇ 1973ರಲ್ಲಿ ಮಂಗಳೂರಿನಲ್ಲಿ ಅಡಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ್ದು. ತೋಟವನ್ನು ಮಾರಿ ತವರಿಗೆ ಬಾ ಎಂದು ಅಣ್ಣಂದಿರು ಕರೆದರೂ ಅಜ್ಜಿ ಹೋಗಲಿಲ್ಲ. ಅದು ತ್ಯಾಗವೇ? ನಾನು ಕೇಳಿದ್ದೆ. “ಅಲ್ಲಿ ಹೋದರೆ ಕೀಲಿಕೈ ಅತ್ತಿಗೆಯ ಸೊಂಟಲ್ಲಿಕ್ಕು” ಎಂದಷ್ಟೇ ಹೇಳಿದ್ದರು. ಅಲ್ಲಿ ಕೀಲಿಕೈ ಇರುವುದು ಅತ್ತಿಗೆಯ ಸೊಂಟದಲ್ಲಿ.

ಅವರ ಕೆಲಸವನ್ನು ಹತ್ತಿರದಿಂದ ನೋಡಬೇಕಿದ್ದರೆ ಅಡಕೆಗೆ ಮದ್ದು ಬಿಡುವ ದಿನ ಬರಬೇಕಿತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಗತಿ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ಅದೂ ಲೋಹದ ಪಾತ್ರೆಯಲ್ಲಿ ಆಗದು. ಪುಸ್ತಕದಲ್ಲಿ ಇಷ್ಟು ಸುಲಭ. ಆದರೆ ಸುಣ್ಣ ಎಲ್ಲ ವರ್ಷವೂ ಒಂದೇ ಹದದ್ದು ಸಿಕ್ಕುವುದಿಲ್ಲ. ಮಳೆ ಬಿಟ್ಟ ಎರಡು ಗಳಿಗೆಯಲ್ಲಿ ಮರ ಹತ್ತುವವರು ತಯಾರಾಗಿ ನಿಂತಿರುವಾಗ ಅಜ್ಜಿ ಅಡುಗೆಮನೆಯಿಂದ ಕೈಗತ್ತಿಯೊಂದನ್ನು ಹಿಡಿದುಕೊಂಡು ಬರುವರು. ತೊಳೆದು ಹೊಳಪು ಬಂದ ಅದರ ಅಲಗನ್ನು ತೆಳುನೀಲಿ ಮದ್ದಿನಲ್ಲಿ ಅದ್ದಿ ಹಿಡಿದು, ಬಾಯಲ್ಲಿ ಏನೋ ಎಣಿಸುತ್ತ ನಿಲ್ಲುವರು. ಮೇಲೆತ್ತಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಯಾರ ಅವಸರಕ್ಕೂ ಬಗ್ಗುತ್ತಿರಲಿಲ್ಲ. “ಹದ ಆಯಿದಿಲ್ಲೆ, ಸುಣ್ಣ ಸಾಲ.” ಹದ ಬಂದಿಲ್ಲ, ಸುಣ್ಣ ಸಾಲದು. ಮತ್ತೆ ಸುಣ್ಣದ ತಿಳಿ, ಮತ್ತೆ ಕತ್ತಿ. ಹುಳಿ ಉಳಿದ ಮದ್ದು ಎಳೆಕಾಯನ್ನೇ ಸುಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮದ್ದು ತಡವಾದರೆ ಕೊಳೆ ಹಿಡಿಯುತ್ತದೆ ಎಂಬುದೂ ಗೊತ್ತಿತ್ತು. ಈ ಎರಡರ ನಡುವೆ ಆಕಾಶ ನೋಡಿ ಒಂದು ತೀರ್ಮಾನಕ್ಕೆ ಬರುವುದು ಮುಗ್ಧ ಜೀವಗಳ ಕೆಲಸವಲ್ಲ.

ನೀರಿನ ವಿಷಯದಲ್ಲಿಯೂ ಹಾಗೆಯೇ. ನಮ್ಮ ಗುಡ್ಡದ ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆಯಲ್ಲಿ, ಅಡ್ಡಕ್ಕೆ ಕೊರೆದ ಸುರಂಗವೊಂದಿದೆ. ಅದರಿಂದ ಒಸರುವ ನೀರು ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಮಣ್ಣಿನ ಕೆರೆಗೆ ಬೀಳುತ್ತದೆ. ಬೇಸಗೆಯಲ್ಲಿ ಬೆಳಗಾತ ದಂಬೆಯ ತುದಿಗೆ ಕೊಡಪಾನ ಇಟ್ಟು, ಅದು ತುಂಬುವಷ್ಟರಲ್ಲಿ ಎಷ್ಟು ಹಲಸಿನ ಸೊಳೆ ಬಿಡಿಸಿ ಆಯಿತು ಎಂಬುದರ ಮೇಲೆ ಆ ದಿನ ಯಾವ ತೋಟಕ್ಕೆ ನೀರು ಎಂಬುದನ್ನು ನಿರ್ಧರಿಸುತ್ತಿದ್ದರು. ಹಪ್ಪಳವೂ ಆಗುತ್ತಿತ್ತು, ನೀರಿನ ಅಳತೆಯೂ ಆಗುತ್ತಿತ್ತು. ಬಂದವರಿಗೆ “ಆಸರಿಂಗೆ ಎಂತ ಅಕ್ಕು?”, ಕುಡಿಯಲು ಏನಾದೀತು, ಎಂದು ಕೇಳಿ ಪುನರ್ಪುಳಿ ಶರಬತ್ತು ಕೊಡುವುದೂ ಅದರ ನಡುವೆಯೇ. ನೆಂಟರು ಕಂಡದ್ದು ಆ ಶರಬತ್ತನ್ನು ಮಾತ್ರ, ನುಡಿನಮನದಲ್ಲಿ ಬಂದದ್ದೂ ಅದೇ.

ಎಲ್ಲವೂ ಒಂದು ಉದ್ದ ಲೆಕ್ಕದ ಪುಸ್ತಕದಲ್ಲಿ ಬರೆದಿರುತ್ತಿತ್ತು: ಅಡಕೆ ಎಷ್ಟು, ಹಪ್ಪಳ ಎಷ್ಟು ಕಟ್ಟು, ಯಾರಿಗೆ ಎಷ್ಟು ಕೂಲಿ. ಆ ಪುಸ್ತಕಗಳನ್ನು ತೆರೆದರೆ ಅಜ್ಜಿಯ ದೊಡ್ಡತನದ ಜೊತೆಗೆ ಮತ್ತೊಂದೂ ಕಾಣುತ್ತದೆ, ಅದನ್ನು ಮುಚ್ಚಿಟ್ಟರೆ ನಾನೂ ಚಪ್ಪರದ ಭಾಷಣಕಾರರ ಸಾಲಿಗೇ ಸೇರುತ್ತೇನೆ. ಗಂಡಾಳಿಗಿಂತ ಹೆಣ್ಣಾಳಿಗೆ ಕೂಲಿ ಕಡಿಮೆ ಎಂಬುದನ್ನು, ಗಂಡಸರ ಜಗತ್ತಿನಲ್ಲಿ ತಮ್ಮ ಕೀಲಿಕೈಗಾಗಿ ಅಷ್ಟು ಹೋರಾಡಿದ ಅವರು ಒಮ್ಮೆಯೂ ಪ್ರಶ್ನಿಸಲಿಲ್ಲ. ಕೆಲಸದವರ ಲೋಟಗಳು ಬಹಳ ವರ್ಷ ದನದ ಹಟ್ಟಿಯ ಪಕ್ಕದ ಕಟ್ಟೆಯ ಮೇಲೆ ಬೇರೆಯಾಗಿಯೇ ಇದ್ದವು. ಅವು ಒಳಗೆ ಬಂದದ್ದು ನನ್ನ ಅಮ್ಮ ಹಟ ಹಿಡಿದ ಮೇಲೆ, ಅಜ್ಜಿ ಎರಡು ದಿನ ಮಾತು ಬಿಟ್ಟ ಮೇಲೆ. ಸೊಸೆಯಂದಿರಿಗೆ ಅವರು ಸುಲಭದ ಅತ್ತೆಯಾಗಿರಲಿಲ್ಲ. ಆದರೆ ಪಾರ್ಶ್ವವಾಯು ಬಡಿದ ಕೊನೆಯ ಎರಡು ವರ್ಷ ತಮ್ಮನ್ನು ಎತ್ತಿ ಮಲಗಿಸುವ ಕೈಗಳೆಲ್ಲ ಆ ಸೊಸೆಯಂದಿರವೇ ಆದಾಗ, ಕೀಲಿಕೈಯನ್ನು ದಿಂಬಿನ ಅಡಿಯಿಂದ ತೆಗೆದು ಅಮ್ಮನಿಗೆ ಕೊಟ್ಟದ್ದನ್ನೂ ನಾನು ನೋಡಿದ್ದೇನೆ. ಮಾತೇನೂ ಆಡಲಿಲ್ಲ.

ಬೊಜ್ಜದ ದಿನ ಸಂಜೆ ಚಪ್ಪರ ಖಾಲಿಯಾದ ಮೇಲೆ, ನಲ್ವತ್ತು ವರ್ಷ ನಮ್ಮಲ್ಲಿ ಹಪ್ಪಳ ಒತ್ತಿ ಅಡಕೆ ಹೆಕ್ಕಿದ ಹಿರಿಯ ಹೆಂಗಸೊಬ್ಬರು ಜಗಲಿಯ ಮೇಲೆ ಕುಳಿತು ಎಲೆಯಡಕೆ ಹಾಕುತ್ತಿದ್ದರು. ನುಡಿನಮನಕ್ಕೆ ಅವರನ್ನು ಯಾರೂ ಕರೆದಿರಲಿಲ್ಲ, ನಾನೂ ಕರೆದಿರಲಿಲ್ಲ. ಅಜ್ಜಿ ಹೇಗಿದ್ದರು ಎಂದು ಕೇಳಿದೆ. ಬೈಗುಳದಲ್ಲಿ ಕಡಿಮೆ ಮಾಡಿದವರಲ್ಲ, ಬರೆದ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದವರೂ ಅಲ್ಲ ಎಂದು ತುಳುವಿನಲ್ಲಿ ಹೇಳಿ, ಎಲೆಯ ನಾರನ್ನು ಉಗುರಿನಿಂದ ತೆಗೆಯುತ್ತ ಕೇಳಿದರು: “ನನ ಲೆಕ್ಕ ಏರ್ ಬರೆಪುನಿ?” ಇನ್ನು ಲೆಕ್ಕ ಬರೆಯುವವರು ಯಾರು? ಅಪ್ಪಚ್ಚಿ, ಅಂದರೆ ನನ್ನ ಚಿಕ್ಕಪ್ಪ, ಎಲ್ಲ ಇದರಲ್ಲಿದೆ ಎಂದು ಮೊಬೈಲ್ ತೋರಿಸಿದರು. ಆಕೆ ಅದನ್ನು ಒಮ್ಮೆ ನೋಡಿ, ತಮ್ಮ ಮೂರು ದಿನದ ಕೂಲಿ ಬಾಕಿಯಿದೆ, ಅಜ್ಜಿಯ ಪುಸ್ತಕದಲ್ಲಿ ನೋಡಿ ಎಂದರು. ಅಮ್ಮ ಒಳಗಿನಿಂದ ಪುಸ್ತಕ ತಂದು ತೆರೆದರು. ಮೂರು ದಿನವೇ ಇತ್ತು.