ಸಾಹುಕಾರರ ಮುಖದ ಬಣ್ಣ

ರಾಯಚೂರಿನ ತೀನ್ ಕಂದೀಲ್ ಹತ್ತಿರ ನಮ್ಮ ಅಕ್ಕನ ಗಂಡನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಶ್ರದ್ಧಾಂಜಲಿ, ಟಿಕೆಟ್ ಆಕಾಂಕ್ಷಿಗಳ ಯುಗಾದಿ ಶುಭಾಶಯ, ಏನೇ ಬರಲಿ, ಗಿರಾಕಿಗಳ ಬೇಡಿಕೆ ಒಂದೇ: "ಮುಖ ಸ್ವಲ್ಪ ಬೆಳ್ಳಗ ಮಾಡ್ರಿ." ಈ ಪುಣ್ಯಕಾರ್ಯಕ್ಕೆಂದೇ ಅಲ್ಲಿನ ಕಂಪ್ಯೂಟರಿನಲ್ಲಿ ಕೈಯಿಂದ ಬರೆದ ಅಸೆಂಬ್ಲಿ ರೂಟೀನ್ ಒಂದಿದೆ, ಅಂದರೆ ಪ್ರೊಸೆಸರ್‌ನದೇ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ. 1997ರಲ್ಲಿ ಪೆಂಟಿಯಂ ಪ್ರೊಸೆಸರ್‌ಗೆ ಹೊಸದಾಗಿ ಸೇರಿದ, ಒಂದೇ ಏಟಿಗೆ ಹಲವು ಸಂಖ್ಯೆ ಕೂಡಿಸುವ ಎಂಎಂಎಕ್ಸ್ ಸೂಚನೆಗಳಲ್ಲಿ ಬರೆದದ್ದು. ಮೆಮೊರಿಯಿಂದ ನಾಲ್ಕು ಬೈಟಿನ ಒಂದು ಸಂಖ್ಯೆ ತಗೊಂಡು, ಬಣ್ಣಕ್ಕೊಂದು ಬೈಟಿನಂತೆ, ಚಿತ್ರದ ಚುಕ್ಕಿಗಳಾದ ಎರಡೆರಡು ಪಿಕ್ಸೆಲ್‌ಗೆ ಒಟ್ಟೊಟ್ಟಿಗೆ ಕೂಡಿಸುತ್ತದೆ. ಮೊತ್ತ ಒಂದು ಬೈಟಿನ ಮಿತಿಯಾದ 255 ದಾಟಿದರೆ ಅಲ್ಲೇ ನಿಲ್ಲಿಸುತ್ತದೆ. ನಿಲ್ಲಿಸದಿದ್ದರೆ ಲೆಕ್ಕ ಸುತ್ತು ಹೊಡೆದು ಸೊನ್ನೆಯಿಂದ ಶುರುವಾಗಿ, ಹಣೆಯ ವಿಭೂತಿಯೇ ಕರ್ರಗಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಹಳೇ ಹಾರ್ಡ್‌ಡಿಸ್ಕ್ ಶಿವನ ಪಾದ ಸೇರಿತು. ಹೊಸ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಬಂತು. ಹೊಸ ಸಾಫ್ಟ್‌ವೇರ್‌ಗೆ ಈ ರೂಟೀನ್ ಶೇರ್ಡ್ ಲೈಬ್ರರಿಯಾಗಿಯೇ ಬೇಕಂತೆ. ಅಂದರೆ ಅದನ್ನು ಮೆಮೊರಿಯ ಯಾವ ಮೂಲೆಯಲ್ಲಿ ಕೂರಿಸಿದರೂ ಕೆಲಸ ಮಾಡಬೇಕು. ನಮ್ಮದೋ, ಒಳಗಿನ ವಿಳಾಸಗಳನ್ನೆಲ್ಲ ಕಲ್ಲಲ್ಲಿ ಕೆತ್ತಿಟ್ಟುಕೊಂಡ ಕೋಡ್. ಲೋಡ್ ಆಗುವಾಗ ಅವನ್ನೆಲ್ಲ ತಿದ್ದಲು ಹೋದರೆ, ಕೋಡ್ ಇರುವ ಪುಟ ಬರೆಯುವಂತಿಲ್ಲ ಅಂತ ಎಸ್‌ಇಲಿನಕ್ಸ್ ಎಂಬ ಲಿನಕ್ಸಿನ ಕಾವಲು ಬಾಗಿಲಲ್ಲೇ ತಡೆಯಿತು.

"ತಮ್ಮಾ, ನೀ ಕಂಪ್ಯೂಟರ್ ಓದ್ದಾವ. ಒಂದಿಷ್ಟು ನೋಡು" ಅಂದರು ಮಾವ. ಅಕ್ಕ ಒಗ್ಗರಣಿ-ಮಿರ್ಚಿ ಕಟ್ಟಿ ಕಳಿಸಿದ್ದಳು. ತಿಂದ ಮೇಲೆ ಇಲ್ಲ ಅನ್ನಲಾಗುತ್ತದೆಯೇ?

ಊರಿಂದ ಬಂದ ನೆಂಟರು ದಾರಿ ತಪ್ಪಿ ಫೋನ್ ಮಾಡಿದರೆ ನಮ್ಮವ್ವ ಮನೆ ನಂಬರ್ ಹೇಳುವುದಿಲ್ಲ. "ಈಗ ಎಲ್ಲಿ ನಿಂತೀರಿ ಹೇಳ್ರಿ, ಅಲ್ಲಿಂದ ಹೇಳ್ತೀನಿ" ಅನ್ನುತ್ತಾಳೆ. ಪೊಸಿಷನ್ ಇಂಡಿಪೆಂಡೆಂಟ್ ಕೋಡ್ ಅಂದರೆ ಇಷ್ಟೇ. ತೊಂದರೆ ಏನೆಂದರೆ, ನಮ್ಮಲ್ಲಿರುವಂಥ 32 ಬಿಟ್ ಪ್ರೊಸೆಸರ್‌ಗೆ ತಾನು ನಿಂತದ್ದೆಲ್ಲಿ ಅಂತ ನೇರವಾಗಿ ಹೇಳಲು ಬರುವುದಿಲ್ಲ. ಮುಂದಿನ ಸಾಲಿಗೇ ಒಂದು ಕಾಲ್ ಮಾಡಿಸಿ, ವಾಪಸ್ ಬರಲೆಂದು ಅದು ಸ್ಟ್ಯಾಕ್ ಎಂಬ ತಾತ್ಕಾಲಿಕ ಅಟ್ಟಿಯಲ್ಲಿಟ್ಟ ವಿಳಾಸವನ್ನು ಪಾಪ್ ಮಾಡಿ ಎಗರಿಸಬೇಕು. ಹಾಗೆ ಸಿಕ್ಕ ವಿಳಾಸದಿಂದ ಲೆಕ್ಕ ಹಾಕಿದ ನೆಲೆಯನ್ನು, ಪ್ರೊಸೆಸರ್ ಒಳಗಿನ ಪುಟ್ಟ ಗೂಡಾದ ಇಬಿಎಕ್ಸ್ ರಿಜಿಸ್ಟರ್‌ನಲ್ಲಿ ಇಡುವುದು ವಾಡಿಕೆ. ಇರುವುದೇ ಎಂಟು ರಿಜಿಸ್ಟರ್. ಒಂದು ಸ್ಟ್ಯಾಕಿಗೆ, ಒಂದು ಫ್ರೇಮಿಗೆ, ಈಗ ಇದಕ್ಕೊಂದು. ಉಳಿದ ಐದರಲ್ಲಿ ಚಿತ್ರದ ಮೂಲ, ಗುರಿ, ಅಗಲ, ಎತ್ತರ, ಸಾಲಿನ ಉದ್ದ ಎಲ್ಲ ತುರುಕಬೇಕು. ಎಎಮ್‌ಡಿಯವರು 2003ರಲ್ಲಿ 64 ಬಿಟ್ ಪ್ರೊಸೆಸರ್ ತಂದಾಗ ಹದಿನಾರು ರಿಜಿಸ್ಟರ್ ಕೊಟ್ಟು, ನಿಂತ ಜಾಗದಿಂದಲೇ ಅಳೆಯುವ ವ್ಯವಸ್ಥೆಯನ್ನೂ ಮಾಡಿದರು. ಅಲ್ಲಿ ಪ್ರೋಗ್ರಾಂ ತುಂಡುಗಳನ್ನು ಜೋಡಿಸುವ ಲಿಂಕರ್ ಬುದ್ಧಿವಾದವನ್ನೂ ಹೇಳುತ್ತದೆ: "ಎಫ್‌ಪಿಐಸಿ ಹಾಕಿ ಮತ್ತೆ ಕಂಪೈಲ್ ಮಾಡು." ಹಾಗಂದರೆ ಇಂಥ ಎಲ್ಲಿಟ್ಟರೂ ಓಡುವ ಕೋಡನ್ನೇ ಹುಟ್ಟಿಸು ಅಂತ ಕಂಪೈಲರ್‌ಗೆ ಕೊಡುವ ಅಪ್ಪಣೆ. ಮನುಷ್ಯ ಕೈಯಾರೆ ಬರೆದ ಅಸೆಂಬ್ಲಿಗೆ ಕಂಪೈಲರ್ ಏನು ಮಾಡೀತು?

ಪುಣ್ಯಕ್ಕೆ, ಹಿಂದೆ ಯಾರೋ ಮಹಾನುಭಾವರು ಇದೇ ಕೆಲಸ ಅರ್ಧ ಮಾಡಿಟ್ಟ ಇನ್ನೊಂದು ಪ್ರತಿ ಸಿಕ್ಕಿತು. ಉಳಿದರ್ಧ ಮುಗಿಸಿ ಓಡಿಸುವಷ್ಟರಲ್ಲಿ ಕರೆಂಟ್ ಹೋಯಿತು. ಸುಮಾರು ಇಪ್ಪತ್ತು ಕಿಲೋಮೀಟರ್ ಆಚೆ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರವಿದೆ. ತಪ್ಪು ಅದರದ್ದಲ್ಲ, ನಮ್ಮ ಓಣಿ ಕಂಬದ ಮೇಲಿನ ಕಾಗೆಯದು.

ಕರೆಂಟ್ ಬಂದ ಮೇಲೆ ಪರೀಕ್ಷೆಗೆ ಸಿಕ್ಕ ಫೋಟೋ ಒಬ್ಬ ಸಾಹುಕಾರರದ್ದು. ಮುಖ ಕೇಸರಿಯಾಗಿ ಬಂತು. ಪ್ರೋಗ್ರಾಂ ಮುಚ್ಚಿ ತೆಗೆದರೆ ಹಳದಿ. ಮತ್ತೆ ತೆಗೆದರೆ ಕೆಂಪು. ಪಕ್ಕದಲ್ಲೇ ಕೂತಿದ್ದ ಅಭಿಮಾನಿಗಳು ಗಾಬರಿಯಾದರು.

"ಸಾಹುಕಾರ್ರು ಯಾವಾಗ ಪಕ್ಷ ಬಿಟ್ರೋ?"

"ಸುಮ್ನಿರಲೇ, ಇನ್ನೂ ಟಿಕೆಟ್ ಹಂಚಿಲ್ಲ."

"ಆ ಹಳದಿದು, ಕೆಂಪುದು ಎರಡೂ ಇಟಗೊಳ್ರಿ. ನವೆಂಬರ್ ಒಂದಕ್ಕ ಆಗ್ತಾವು" ಅಂದ ಮೂರನೆಯವ. ವ್ಯವಹಾರ ಬಲ್ಲವ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಹಸಿರಿನ ಪಾಲು ಪ್ರತಿ ಸಲ ಏರಿಳಿಯುತ್ತಿತ್ತು, ಕೆಂಪು ಯಾವಾಗಲೂ ತುದಿ ಮುಟ್ಟುತ್ತಿತ್ತು, ನೀಲಿ ಮಾತ್ರ ಒಂದಿಷ್ಟೂ ಕದಲುತ್ತಿರಲಿಲ್ಲ. ಲಿನಕ್ಸ್ ಸುರಕ್ಷತೆಗಾಗಿ ಲೈಬ್ರರಿಯನ್ನು ಪ್ರತಿ ಸಲ ಬೇರೆ ಜಾಗದಲ್ಲಿ ಕೂರಿಸುತ್ತದೆ. ಆದರೆ ಜಾಗ ಬದಲಾಗುವುದು 4096 ಬೈಟಿನ ಪುಟಗಳ ಲೆಕ್ಕದಲ್ಲಿ, ಹಾಗಾಗಿ ವಿಳಾಸದ ಕೊನೆಯ 12 ಬಿಟ್ ಎಂದೂ ಬದಲಾಗುವುದಿಲ್ಲ. ಪಿಕ್ಸೆಲ್‌ನಲ್ಲಿ ಕೊನೆಯ ಬೈಟು, ಅಂದರೆ ಕೊನೆಯ ಎಂಟು ಬಿಟ್, ನೀಲಿಯದು! ಅಂದರೆ ಸಾಹುಕಾರರ ಮುಖಕ್ಕೆ ಕೂಡುತ್ತಿದ್ದದ್ದು ಬೆಳಕಿನ ಸಂಖ್ಯೆಯಲ್ಲ, ಆ ಸಂಖ್ಯೆ ಇರುವ ವಿಳಾಸ. ಹುಡುಕಿದರೆ, ಮಹಾನುಭಾವರ ಅರ್ಧದಲ್ಲಿ 'ಗಾಟ್‌ಆಫ್' ಇರಬೇಕಾದ ಕಡೆ ಬರೀ 'ಗಾಟ್' ಇತ್ತು. ಮೊದಲನೆಯದು ನೇರ ಸಂಖ್ಯೆಯ ಹತ್ತಿರ ಒಯ್ಯುತ್ತದೆ. ಎರಡನೆಯದು ವಿಳಾಸ ಬರೆದಿಟ್ಟ ಪಟ್ಟಿಯ ಹತ್ತಿರ ಬಿಟ್ಟು ಬರುತ್ತದೆ, ಅಲ್ಲಿಂದ ಇನ್ನೊಂದು ಹೆಜ್ಜೆ ನಾವೇ ನಡೆಯಬೇಕು.

ಇಂಗ್ಲಿಷಿನ ಮೂರಕ್ಷರ (OFF) ಸೇರಿಸಿದೆ. ಸಾಹುಕಾರರು ಫೋಟೋದಲ್ಲಿದ್ದಂತೆಯೇ, ಒಂದು ಕಳೆ ಹೆಚ್ಚಾಗಿ ಬಂದರು. ಅಭಿಮಾನಿಗಳು ಸ್ಕ್ರೀನಿಗೆ ಮೂಗು ತಾಗಿಸಿ ನೋಡಿದರು.

"ಬಣ್ಣ ಬಂತು, ಖರೆ. ಆದ್ರ ಇಷ್ಟ ಬೆಳ್ಳಗ ಸಾಲಂಗಿಲ್ರೀ. ಎದುರು ಪಾರ್ಟಿಯವ್ರ ಫ್ಲೆಕ್ಸ್ ನೋಡಿರೇನು?"

ಮಾವ ನನ್ನ ಮುಖ ನೋಡಿದರು. 24 ಇದ್ದ ಸಂಖ್ಯೆಯನ್ನು 70 ಮಾಡಿದೆ. ವಿಭೂತಿ, ಹಲ್ಲು, ಅಂಗಿಯ ಕಾಲರ್ ಮೂರೂ 255ಕ್ಕೆ ಹೋಗಿ ಒಂದಾದವು. ಅಭಿಮಾನಿಗಳು ಹತ್ತು ಪ್ರತಿ ಹೇಳಿ ಅಡ್ವಾನ್ಸ್ ಕೊಟ್ಟರು.